ಬಣ್ಣ ಕಳಚಿದ ಮೇಲೆ

ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಕುರುಕ್ಷೇತ್ರ ನಾಟಕವಾಡದ ಊರು ವಿರಳ. ಹೆಣ್ಣುಮಕ್ಕಳು ರಂಗಕ್ಕೆ ಬರುವ ಮುನ್ನ ದ್ರೌಪದಿಯ ಪಾತ್ರವನ್ನು ಗಂಡಸರೇ ವಹಿಸುತ್ತಿದ್ದರು. ರಾತ್ರಿಯೆಲ್ಲ ಆ ದ್ರೌಪದಿಗಾಗಿ ಕಣ್ಣೀರಿಟ್ಟ ಜನವೇ ಬೆಳಗಾದ ಮೇಲೆ ಸಂತೆಯಲ್ಲಿ ಅದೇ ನಟನ ನಡಿಗೆಯನ್ನು ಅಣಕಿಸಿ ನಗುತ್ತಿದ್ದುದೂ ಉಂಟು. ಇದು ಯಾವ ನ್ಯಾಯ?

ಬಂಗಾಳದಲ್ಲಿಯೂ ಇದೇ ಕಥೆ. ಅಲ್ಲಿನ ಜಾತ್ರಾ ನಾಟಕಗಳಲ್ಲಿ ಸ್ತ್ರೀಪಾತ್ರಕ್ಕೆ ಹೆಸರಾಗಿದ್ದವರು ಚಪಲ್ ಭಾದುರಿ. ಕಾಲ ಬದಲಾಯಿತು, ಪಾತ್ರ ತಪ್ಪಿತು. ಗಿರಣಿಯ ಬಾಗಿಲು ಮುಚ್ಚಿದಾಗ ಕಾರ್ಮಿಕನಿಗೆ ಆಗುವ ಗತಿಯೇ ಆ ಕಲಾವಿದನಿಗೂ ಆಯಿತು. ಅವರ ಬಾಳನ್ನು ಆಧರಿಸಿ 2010ರಲ್ಲಿ ಕೌಶಿಕ್ ಗಂಗೂಲಿ ತೆಗೆದ ಚಿತ್ರದಲ್ಲಿ ನಟಿಸಿದವರು ಋತುಪರ್ಣ ಘೋಷ್.

ಋತುಪರ್ಣರು ಸ್ವತಃ ಹೆಸರಾಂತ ನಿರ್ದೇಶಕರು. ಜಾಹೀರಾತಿನ ಕೆಲಸದಿಂದ ಬಂದು, 1994ರ ‘ಉನಿಶೇ ಏಪ್ರಿಲ್’ ಚಿತ್ರಕ್ಕೆ ರಾಷ್ಟ್ರದ ಶ್ರೇಷ್ಠ ಚಿತ್ರವೆಂಬ ಪ್ರಶಸ್ತಿ ಪಡೆದರು. ಸಿನಿಮಾ ಮಂದಿರವನ್ನು ತೊರೆದಿದ್ದ ಬಂಗಾಳದ ಮಧ್ಯಮವರ್ಗವನ್ನು ಮರಳಿ ಕರೆತಂದರು. ಮನೆಯೊಳಗಿನ ಹೆಣ್ಣಿನ ಮನಸ್ಸನ್ನು ತೆರೆದು ತೋರಿದರು. ಗಂಡು, ಹೆಣ್ಣು ಎಂಬ ಎರಡೇ ಅಚ್ಚಿಗೆ ತಾವು ಒಗ್ಗುವವರಲ್ಲವೆಂಬುದನ್ನು ಅವರು ಬಚ್ಚಿಡಲಿಲ್ಲ. ತಮ್ಮನ್ನು ಅಣಕಿಸಿದ ಹಾಸ್ಯಗಾರನನ್ನು ತಮ್ಮದೇ ದೂರದರ್ಶನ ಕಾರ್ಯಕ್ರಮಕ್ಕೆ ಕರೆದು, ಈ ಅಣಕದಿಂದ ತಮ್ಮಂಥ ಇತರರಿಗೂ ಆಗುವ ನೋವನ್ನು ಎದುರೆದುರೇ ಪ್ರಶ್ನಿಸಿದರು. 2012ರ ‘ಚಿತ್ರಾಂಗದಾ’ದಲ್ಲಿ ತಾವೇ ನಿರ್ದೇಶಿಸಿ, ತಾವೇ ನಟಿಸಿ, ಈ ತಳಮಳವನ್ನೇ ಕಥೆಯಾಗಿಸಿದರು. 2013ರ ಮೇ 30ರಂದು, 49ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಕನ್ನಡದಲ್ಲಿ ಬಿ. ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ... ಅವಳು’ ಚಿತ್ರದ ಅಭಿನಯಕ್ಕೆ ಸಂಚಾರಿ ವಿಜಯ್ ಅವರಿಗೆ 2015ರಲ್ಲಿ ರಾಷ್ಟ್ರಪ್ರಶಸ್ತಿ ಘೋಷಣೆಯಾಯಿತು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಅದಕ್ಕೆ ಆಧಾರ. ಒಳ್ಳೆಯ ಚಿತ್ರ, ಸಂತೋಷ. ಆದರೂ ಬಾಳು ಒಬ್ಬರದು, ಕ್ಯಾಮೆರಾ ಇನ್ನೊಬ್ಬರದು. ಕಾರ್ಮಿಕನ ಅಹವಾಲನ್ನು ಎಷ್ಟೇ ಸಜ್ಜನರು ಬರೆದುಕೊಟ್ಟರೂ ಅದು ಕಾರ್ಮಿಕನೇ ಎದ್ದುನಿಂತು ಆಡಿದ ಮಾತಿಗೆ ಸಮವಲ್ಲವೆಂಬುದು ನಮ್ಮ ಓದುಗರಿಗೆ ತಿಳಿಯದ್ದಲ್ಲ. ಋತುಪರ್ಣರ ಹಿರಿಮೆ ಇರುವುದು ಇಲ್ಲಿಯೇ.

ಇಂಥವರ ಪ್ರೀತಿ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿದೆ. ಆದರೆ ಸಂತೆಯ ನಗೆಯನ್ನು ನಿಲ್ಲಿಸುವ ಕೋರ್ಟು ಯಾವುದೂ ಇಲ್ಲ. ಅದು ಗಿರಣಿಯ ಗೇಟಿನಲ್ಲಿ, ಅಂಗಡಿಯ ಗಲ್ಲಾದ ಮುಂದೆ, ಚಹಾದ ಹೋಟೆಲಿನಲ್ಲಿ ನಾವು ನೀವೇ ನಿಲ್ಲಿಸಬೇಕಾದದ್ದು. ರಂಗದ ಮೇಲೆ ಕೊಟ್ಟ ಗೌರವವನ್ನು ಬಣ್ಣ ಕಳಚಿದ ಮೇಲೆ ಕಸಿದುಕೊಳ್ಳುವವರು ಕಲೆಯನ್ನೂ ಅರಿತವರಲ್ಲ, ಸಮತೆಯನ್ನೂ ಅರಿತವರಲ್ಲ.