ವಿಮಾನನಿಲ್ದಾಣದ ವಾರ್ಷಿಕ ಲೆಕ್ಕ

ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನನಿಲ್ದಾಣದಲ್ಲಿ 2024-25ನೆಯ ಹಣಕಾಸಿನ ವರ್ಷದಲ್ಲಿ ಬಂದುಹೋದ ಪ್ರಯಾಣಿಕರ ಸಂಖ್ಯೆಯು 4 ಕೋಟಿ 18 ಲಕ್ಷವನ್ನು ಮೀರಿತು. ಏರಿಳಿದ ವಿಮಾನಗಳು 2 ಲಕ್ಷ 60 ಸಾವಿರಕ್ಕೆ ಮೇಲಾದುವು. ಸಾಗಿದ ಸರಕು 5 ಲಕ್ಷ ಟನ್ನನ್ನು ದಾಟಿತು. ಪತ್ರಿಕೆಗಳೆಲ್ಲ ಈ ಅಂಕಿಗಳನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿದುವು, ನಾವೂ ಹಾಕಿದೆವು. ಕನ್ನಡನಾಡಿನ ರಾಜಧಾನಿಯ ನಿಲ್ದಾಣವು ದೇಶದಲ್ಲಿ ದೆಹಲಿ ಮುಂಬಯಿಗಳ ಅನಂತರದ ಸ್ಥಾನವನ್ನು ಪಡೆದಿರುವುದು ಹೆಮ್ಮೆಪಡತಕ್ಕ ಸಂಗತಿಯೇ ಸರಿ. ಆದರೆ ಇದೇ ಅಂಕಿಗಳನ್ನು ಮುಂದಿಟ್ಟುಕೊಂಡು ನಗರಕ್ಕೆ ಎರಡನೆಯ ನಿಲ್ದಾಣವೊಂದು ಬೇಕೆಂದು ವಾದಿಸಿ, ಅದಕ್ಕಾಗಿ ಜಮೀನನ್ನು ಹುಡುಕುವ ಪ್ರಯತ್ನವೂ ನಡೆದಿರುವುದರಿಂದ, ಅವುಗಳನ್ನು ಹೊಗಳಿಕೆಗೆ ಮಾತ್ರ ಬಳಸದೆ ಸಾವಧಾನವಾಗಿ ಓದಿನೋಡುವುದು ಅವಶ್ಯವಾಗಿದೆ.

ಮೊದಲು ಎಣಿಕೆಯ ಕ್ರಮವನ್ನು ತಿಳಿದುಕೊಳ್ಳಬೇಕು. ನಿಲ್ದಾಣದ ಪುಸ್ತಕದಲ್ಲಿ ಹತ್ತಿದವನೂ ಒಬ್ಬ, ಇಳಿದವನೂ ಒಬ್ಬ. ಬೆಳಗಿನ ವಿಮಾನದಲ್ಲಿ ದೆಹಲಿಗೆ ಹೋಗಿ ರಾತ್ರಿ ಹಿಂದಿರುಗಿದ ವಕೀಲರೊಬ್ಬರು ಬೆಂಗಳೂರಿನ ಲೆಕ್ಕದಲ್ಲಿ ಇಬ್ಬರು. ದೆಹಲಿಯ ಲೆಕ್ಕದಲ್ಲಿ ಪುನಃ ಇಬ್ಬರು. ಕೊಚ್ಚಿಯಿಂದ ಬಂದು ಇಲ್ಲಿ ವಿಮಾನವನ್ನು ಬದಲಿಸಿ ಪರದೇಶಕ್ಕೆ ಹೋದವನು ನಗರದ ನೆಲವನ್ನು ಮೆಟ್ಟದಿದ್ದರೂ ಇಬ್ಬರೇ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷವಿದ್ದಿತು. ಅದನ್ನೂ ಇದನ್ನೂ ಎದುರುಬದುರಿಗಿಟ್ಟು, ನಾಡಿನ ಮೂರರಲ್ಲಿ ಎರಡು ಪಾಲು ಜನ ಆಕಾಶದಲ್ಲಿ ಹಾರುತ್ತಿದ್ದಾರೆಂದು ಭಾವಿಸುವವರಿದ್ದರೆ ಅದು ಭ್ರಾಂತಿ. ಪದೇ ಪದೇ ಹಾರುವ ಒಂದು ವರ್ಗದವರ ಓಡಾಟವೇ ಈ ಮೊತ್ತದಲ್ಲಿ ಬಹುಭಾಗ. ನಮ್ಮ ವಾಚಕರಲ್ಲಿಯೂ ಅನೇಕರು ಆ ವರ್ಗಕ್ಕೆ ಸೇರಿದವರೇ ಆದುದರಿಂದ ಇದನ್ನು ದೂಷಣೆಯಾಗಿ ಹೇಳುತ್ತಿಲ್ಲ.

ಬೆಳವಣಿಗೆಯು ಶೀಘ್ರವಾಗಿಯೇ ಆಯಿತೆಂಬುದರಲ್ಲಿ ಸಂದೇಹವಿಲ್ಲ. 1940ರಲ್ಲಿ ಮೈಸೂರು ಸಂಸ್ಥಾನದ ಸರಕಾರದ ಸಹಾಯದಿಂದ ವಾಲ್‌ಚಂದ್ ಹೀರಾಚಂದರು ಸ್ಥಾಪಿಸಿದ ವಿಮಾನ ಕಾರ್ಖಾನೆಯ ನಿಲ್ದಾಣವೇ 2008ರ ಮೇ ತಿಂಗಳವರೆಗೆ ಬೆಂಗಳೂರಿನ ಪ್ರಯಾಣಿಕರಿಗೆ ಸಾಕಾಗಿದ್ದಿತು, ಅಥವಾ ಸಾಕಾಗದಿದ್ದರೂ ಅದರಲ್ಲಿಯೇ ನೂಕಿಕೊಂಡಿದ್ದರು. ಆ ತಿಂಗಳ 24ನೆಯ ತಾರೀಖು ದೇವನಹಳ್ಳಿಯ ನಿಲ್ದಾಣ ತೆರೆಯಿತು. 2013-14ರಲ್ಲಿ ಅಲ್ಲಿ 1 ಕೋಟಿ 29 ಲಕ್ಷ ಪ್ರಯಾಣಿಕರು; ಐದೇ ವರ್ಷಗಳಲ್ಲಿ, 2018-19ಕ್ಕೆ, 3 ಕೋಟಿ 33 ಲಕ್ಷ, ಎಂದರೆ ಎರಡೂವರೆ ಪಟ್ಟಿಗಿಂತ ಹೆಚ್ಚು. 2020ರ ಮಾರ್ಚಿ 25ರಿಂದ ಎರಡು ತಿಂಗಳು ದೇಶದೊಳಗೆ ಪ್ರಯಾಣಿಕರ ನಿಯತ ವಿಮಾನಗಳು ಹಾರಲಿಲ್ಲ. ಮಹಾಮಾರಿಯ ಆ ವರ್ಷದಲ್ಲಿ ಸಂಖ್ಯೆಯು 1 ಕೋಟಿ 9 ಲಕ್ಷಕ್ಕೆ ಕುಸಿಯಿತು. 2022-23ರಲ್ಲಿ 3 ಕೋಟಿ 19 ಲಕ್ಷಕ್ಕೆ ಏರಿತು, ಮರುವರ್ಷ 3 ಕೋಟಿ 75 ಲಕ್ಷವಾಯಿತು.

ಇಲ್ಲಿ ಹೆಚ್ಚಿನವರು ಗಮನಿಸದ ಅಂಶವೊಂದುಂಟು. 2018-19ಕ್ಕೂ 2024-25ಕ್ಕೂ ನಡುವೆ ಪ್ರಯಾಣಿಕರು ನೂರಕ್ಕೆ ಇಪ್ಪತ್ತೈದರಷ್ಟು ಹೆಚ್ಚಿದರು. ವಿಮಾನಗಳಾದರೋ ಸುಮಾರು 2 ಲಕ್ಷ 39 ಸಾವಿರದಿಂದ, ಹೆಚ್ಚುಕಡಮೆ ನೂರಕ್ಕೆ ಹತ್ತರಷ್ಟು ಮಾತ್ರ ಹೆಚ್ಚಿದುವು. ಸರಕಿನ ವಿಮಾನಗಳನ್ನು ಬೇರೆಮಾಡದೆ ಭಾಗಿಸಿ ನೋಡಿದರೂ ಒಂದು ವಿಮಾನಕ್ಕೆ ಆಗ 140 ಮಂದಿ, ಈಗ 155ಕ್ಕೂ ಮೇಲೆ. 180 ಆಸನಗಳ ವಿಮಾನವಿದ್ದ ಮಾರ್ಗಗಳಲ್ಲಿ 220-230 ಆಸನಗಳ ಉದ್ದನೆಯ ವಿಮಾನಗಳು ಬಂದಿವೆ; ಖಾಲಿ ಆಸನಗಳೂ ಕಡಮೆಯಾಗಿವೆ. ಹೀಗಿರುವಾಗ ಹೆಚ್ಚಿದ ಭಾರವೆಲ್ಲ ಆಕಾಶದ ಮೇಲೆ ಬಿದ್ದಿದೆಯೆ? ಇಲ್ಲ, ಅದರ ಬಹುಪಾಲು ನೆಲದ ಮೇಲೆ ಬಿದ್ದಿದೆ. ಒಂದು ವಿಮಾನದಿಂದ ಹದಿನೈದು ಇಪ್ಪತ್ತು ಜನ ಹೆಚ್ಚಾಗಿ ಇಳಿದರೆ ರನ್‌ವೇಗೆ ಅದರಿಂದ ಏನೂ ಬಾಧೆಯಿಲ್ಲ. ಬಳ್ಳಾರಿ ರಸ್ತೆಗೆ ಬಾಧೆಯುಂಟು.

ರನ್‌ವೇಗಳ ಶಕ್ತಿಯನ್ನೇ ವಿಚಾರಿಸೋಣ. 2019ರ ಡಿಸೆಂಬರಿನಲ್ಲಿ ದೇವನಹಳ್ಳಿಯ ಎರಡನೆಯ ರನ್‌ವೇ ಬಳಕೆಗೆ ಬಂದಿತು. ಎರಡೂ ಸಮಾನಾಂತರವಾದುವು. ಲಂಡನ್ನಿನ ಹೀತ್ರೋ ನಿಲ್ದಾಣಕ್ಕಿರುವುದೂ ಎರಡೇ ರನ್‌ವೇ; ಅಲ್ಲಿ ವರ್ಷಕ್ಕೆ 4 ಲಕ್ಷ 80 ಸಾವಿರ ವಿಮಾನಗಳವರೆಗೆ ಅನುಮತಿಯಿದೆ, ಮತ್ತು 2024ರಲ್ಲಿ ಸುಮಾರು 8 ಕೋಟಿ 39 ಲಕ್ಷ ಪ್ರಯಾಣಿಕರು ಓಡಾಡಿದರು. ಅಷ್ಟು ದೂರವೇಕೆ? ಮುಂಬಯಿಯ ಹಳೆಯ ನಿಲ್ದಾಣದ ಎರಡು ರನ್‌ವೇಗಳು ಒಂದನ್ನೊಂದು ಅಡ್ಡಹಾಯುವುದರಿಂದ ಒಂದು ಹೊತ್ತಿಗೆ ಒಂದೇ ಕೆಲಸಕ್ಕೆ ಬರುತ್ತದೆ. ಆದರೂ 2024-25ರಲ್ಲಿ ಅದು ಐದೂವರೆ ಕೋಟಿ ಜನರನ್ನು ದಾಟಿಸಿತು. ನವಮುಂಬಯಿಯ ಹೊಸ ನಿಲ್ದಾಣವು ತೆರೆದದ್ದು 2025ರ ಡಿಸೆಂಬರಿನಲ್ಲಿ. ದಿನಕ್ಕೆ ಏಳುನೂರಕ್ಕೆ ಮೇಲ್ಪಟ್ಟ ವಿಮಾನಗಳನ್ನು ನಡೆಸುತ್ತಿದ್ದ ಬೆಂಗಳೂರಿನ ಎರಡು ರನ್‌ವೇಗಳು ಅದೇ ವರ್ಷ ತುಂಬಿಹೋಗಿದ್ದುವೆಂದು ಹೇಳಲು ಆಧಾರವಿಲ್ಲ. ಟರ್ಮಿನಲ್ ಕಟ್ಟಡಗಳನ್ನು ಹಿಗ್ಗಿಸಬಹುದು, ಹಿಗ್ಗಿಸಿಯೂ ಇದ್ದಾರೆ; 2022ರ ನವೆಂಬರ್ 11ರಂದು ಪ್ರಧಾನಮಂತ್ರಿಗಳು ಉದ್ಘಾಟಿಸಿದ ಎರಡನೆಯ ಟರ್ಮಿನಲ್ಲೊಂದೇ ವರ್ಷಕ್ಕೆ ಎರಡೂವರೆ ಕೋಟಿ ಜನರಿಗಾಗಿ ಕಟ್ಟಿದುದು.

ಮೊದಲು ಉಸಿರುಕಟ್ಟುವುದು ದಾರಿಯೇ. ಕಳೆದ ವರ್ಷ ಒಂದು ಸಭೆಯ ನಿಮಿತ್ತ ನಾವು ಹುಬ್ಬಳ್ಳಿಗೆ ವಿಮಾನದಲ್ಲಿ ಹೋಗಬೇಕಾಯಿತು. ಬಸವನಗುಡಿಯಿಂದ ದೇವನಹಳ್ಳಿಗೆ ಎರಡು ಗಂಟೆ ಹತ್ತು ನಿಮಿಷ ಹಿಡಿಯಿತು. ಆಕಾಶದಲ್ಲಿ ಇದ್ದುದು ಒಂದು ಗಂಟೆ. ಹೆಬ್ಬಾಳದ ಮೇಲ್ಸೇತುವೆಯ ಬುಡದಲ್ಲಿ ನಿಂತಿದ್ದಾಗ ನಮ್ಮ ಚಾಲಕನು, 'ಸ್ವಾಮಿ, ರೈಲಿಗೆ ಹೋಗಿದ್ದರೆ ಇಷ್ಟು ಹೊತ್ತಿಗೆ ತುಮಕೂರು ದಾಟಿರುತ್ತಿದ್ದಿರಿ' ಎಂದನು. ಅವನ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಊರಿನ ನಡುವಿನಿಂದ ಸುಮಾರು 35 ಕಿಲೋಮೀಟರು ದೂರದಲ್ಲಿ ನಿಲ್ದಾಣವನ್ನು ಕಟ್ಟಿದ ಮೇಲೆ ಅದಕ್ಕೆ ರೈಲನ್ನೂ ಒಡನೆಯೇ ಹಾಕಬೇಕಾಗಿದ್ದಿತು. ನಿಲ್ದಾಣದ ಬಳಿ ಪ್ಯಾಸೆಂಜರು ಗಾಡಿಗಳು ನಿಲ್ಲುವ ಒಂದು ಹಾಲ್ಟು 2021ರ ಜನವರಿಯಲ್ಲಿ ಬಂದಿತು. ಇಳಿದವರು ಟರ್ಮಿನಲ್ ಮುಟ್ಟಲು ಮತ್ತೆ ಬಸ್ಸನ್ನು ಹಿಡಿಯಬೇಕು, ಗಾಡಿಗಳೂ ಬೆರಳೆಣಿಕೆಯವು. ರೇಷ್ಮೆ ಮಂಡಳಿ ವೃತ್ತದಿಂದ ಕೃಷ್ಣರಾಜಪುರ, ಹೆಬ್ಬಾಳಗಳ ಮೂಲಕ ಹೋಗುವ ಮೆಟ್ರೋ ಮಾರ್ಗಕ್ಕೆ ಕೇಂದ್ರ ಸಚಿವಸಂಪುಟದ ಒಪ್ಪಿಗೆ ದೊರೆತದ್ದು 2021ರ ಏಪ್ರಿಲಿನಲ್ಲಿ, ನಿಲ್ದಾಣ ತೆರೆದು ಹದಿಮೂರು ವರ್ಷಗಳ ತರುವಾಯ. 2025ನೆಯ ಇಸವಿ ಮುಗಿಯುವಾಗಲೂ ಆ ರೈಲು ದೇವನಹಳ್ಳಿಯನ್ನು ಮುಟ್ಟಿರಲಿಲ್ಲ.

ಪ್ರಯಾಣಿಕರ ವಿಂಗಡಣೆಯನ್ನೂ ನೋಡಬೇಕು. ನಾಲ್ಕು ಕೋಟಿ ಹದಿನೆಂಟು ಲಕ್ಷದಲ್ಲಿ ವಿದೇಶಗಳ ಪ್ರಯಾಣಿಕರು ಸುಮಾರು 58 ಲಕ್ಷ. ಮಿಕ್ಕ 3 ಕೋಟಿ 60 ಲಕ್ಷವೂ ದೇಶದೊಳಗಿನ ಓಡಾಟ. ದೆಹಲಿ, ಕಲ್ಕತ್ತೆಗಳಿಗೆ ರೈಲಿನಲ್ಲಿ ಹೋಗಿರೆಂದು ಯಾರಿಗೂ ಹೇಳಲಾಗದು. ಆದರೆ ಮದರಾಸು, ಕೊಯಮತ್ತೂರು, ಹೈದರಾಬಾದು, ಹುಬ್ಬಳ್ಳಿ, ಬೆಳಗಾವಿಗಳ ಮಾತು ಬೇರೆ. ಎರಡನೆಯ ಟರ್ಮಿನಲ್ ಉದ್ಘಾಟನೆಯಾದ ದಿನವೇ ಮೈಸೂರು-ಚೆನ್ನೈ ವಂದೇ ಭಾರತ್ ರೈಲಿಗೂ ಹಸುರು ನಿಶಾನೆ ದೊರೆಯಿತು. 2023ರ ಜೂನಿನಲ್ಲಿ ಧಾರವಾಡಕ್ಕೂ 2025ರ ಆಗಸ್ಟಿನಲ್ಲಿ ಬೆಳಗಾವಿಗೂ ಅಂಥ ಗಾಡಿಗಳು ಬಂದುವು. ಇವು ಚೆನ್ನಾಗಿ ನಡೆದಷ್ಟೂ ಹತ್ತಿರದ ಊರುಗಳ ಪ್ರಯಾಣಿಕರು ದೇವನಹಳ್ಳಿಯ ಪುಸ್ತಕದಿಂದ ಕಳೆಯುತ್ತಾರೆ. ಎರಡನೆಯ ನಿಲ್ದಾಣದ ಅಂದಾಜಿನಲ್ಲಿ ಈ ಕಳೆಯುವ ಲೆಕ್ಕವೂ ಇರಬೇಕು.

ನಾಡಿನ ಇತರ ನಿಲ್ದಾಣಗಳ ಕಥೆ ಇದಕ್ಕೆ ವ್ಯತಿರಿಕ್ತವಾದುದು. ಮಂಗಳೂರನ್ನು ಬಿಟ್ಟರೆ ಮಿಕ್ಕವುಗಳ ಸಂಖ್ಯೆಗಳನ್ನು ಬೆಂಗಳೂರಿನ ಪಕ್ಕದಲ್ಲಿಟ್ಟು ನೋಡಲು ಸಂಕೋಚವಾಗುತ್ತದೆ. ಕಲಬುರಗಿಯ ನಿಲ್ದಾಣ 2019ರಲ್ಲಿ, ಬೀದರಿನದು 2020ರಲ್ಲಿ, ಶಿವಮೊಗ್ಗದ್ದು 2023ರಲ್ಲಿ ಆರಂಭವಾದುವು. ಸಹಾಯಧನ ಇರುವಷ್ಟು ದಿನ ವಿಮಾನ, ಅದು ಮುಗಿದ ಮೇಲೆ ನಿಶ್ಶಬ್ದ ಎಂಬ ಸ್ಥಿತಿಯನ್ನು ಬೀದರಿನವರು ಕಣ್ಣಾರೆ ಕಂಡರು. ಕಟ್ಟಿದ ನಿಲ್ದಾಣಗಳಿಗೆ ವಿಮಾನವಿಲ್ಲದಿರುವಾಗ ಒಂದೇ ಊರಿಗೆ ಇನ್ನೊಂದು ನಿಲ್ದಾಣವೆಂಬುದು ಉತ್ತರ ಕರ್ನಾಟಕದವರ ಕಿವಿಗೆ ಹೇಗೆ ಕೇಳಿಸುತ್ತದೆಂಬುದನ್ನು ವಿಧಾನಸೌಧದವರು ಯೋಚಿಸಿದಂತೆ ಕಾಣುವುದಿಲ್ಲ.

ಸರಕಿನ ಲೆಕ್ಕವು ನಮಗೆ ಹೆಚ್ಚು ಸಮಾಧಾನವನ್ನು ಕೊಡುತ್ತದೆ. ಪ್ರಯಾಣಿಕರು ಮೂರನೆಯ ಒಂದು ಪಾಲಿಗೆ ಇಳಿದ 2020-21ರಲ್ಲಿಯೂ ಸುಮಾರು ಮೂರೂಕಾಲು ಲಕ್ಷ ಟನ್ ಸರಕು ಸಾಗಿತು. ಮರುವರ್ಷವೇ ಅದು 4 ಲಕ್ಷ 11 ಸಾವಿರ ಟನ್ನಾಗಿ ಹಿಂದಿನ ವರ್ಷಗಳೆಲ್ಲವನ್ನೂ ಮೀರಿತು. ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲಿ ಹೋಗುತ್ತಿದ್ದ ಮಾಲಿಗೆ ಆಗ ಸರಕಿನ ವಿಮಾನಗಳೇ ಬಂದುವು. ಹೂ, ಹಣ್ಣು, ತರಕಾರಿಗಳಂತಹ ಬೇಗ ಕೆಡುವ ಪದಾರ್ಥಗಳ ರಫ್ತಿನಲ್ಲಿ ಈ ನಿಲ್ದಾಣವು ದೇಶದಲ್ಲಿಯೇ ಮುಂಚೂಣಿಯಲ್ಲಿದೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ರೈತನಿಗೆ ಇದರಿಂದ ಎಷ್ಟು ದಕ್ಕಿತೆಂಬುದು ಮಾತ್ರ ಟನ್ನಿನ ಅಂಕಿಯಲ್ಲಿ ಕಾಣಿಸುವುದಿಲ್ಲ. ಕೊತ್ತಂಬರಿ ಕಟ್ಟಿಗೂ ಔಷಧದ ಪೆಟ್ಟಿಗೆಗೂ ಅಲ್ಲಿ ಒಂದೇ ತೂಕ. ಸರಕನ್ನು ಬಾಬುವಾರು ವಿಂಗಡಿಸಿ ಪ್ರತಿ ವರ್ಷ ಕನ್ನಡದಲ್ಲಿ ಪ್ರಕಟಿಸಬೇಕು. ಕಂಪೆನಿಯಲ್ಲಿ ನೂರಕ್ಕೆ 13ರಷ್ಟು ಪಾಲು ರಾಜ್ಯ ಸರಕಾರದ್ದು, ಮತ್ತೆ 13ರಷ್ಟು ಕೇಂದ್ರದ ವಿಮಾನನಿಲ್ದಾಣ ಪ್ರಾಧಿಕಾರದ್ದು. ಪಾಲುದಾರನಿಗೆ ಲೆಕ್ಕ ಕೇಳುವ ಹಕ್ಕಿಲ್ಲವೆಂದು ಯಾರೂ ಹೇಳಲಾರರು.

ಈಗ ಕರಾರಿನ ವಿಷಯ. 2004ರ ಜುಲೈನಲ್ಲಿ ಆದ ಒಪ್ಪಂದದ ಪ್ರಕಾರ, ಮೈಸೂರು ಮತ್ತು ಹಾಸನಗಳ ಹೊರತು, ದೇವನಹಳ್ಳಿಯಿಂದ 150 ಕಿಲೋಮೀಟರಿನೊಳಗೆ ನಿಲ್ದಾಣ ತೆರೆದ ಇಪ್ಪತ್ತೈದು ವರ್ಷಗಳವರೆಗೆ ಬೇರೊಂದು ಹೊಸ ಅಂತಾರಾಷ್ಟ್ರೀಯ ನಿಲ್ದಾಣಕ್ಕೆ ಅವಕಾಶವಿಲ್ಲ. ಆ ಅವಧಿಯು 2033ರ ಮೇ ತಿಂಗಳಿಗೆ ತೀರುತ್ತದೆ. ಅದಕ್ಕೆ ಸಿದ್ಧವಾಗಲೆಂದೇ ರಾಜ್ಯ ಸರಕಾರವು ಕನಕಪುರ ರಸ್ತೆಯಲ್ಲಿ ಎರಡು, ನೆಲಮಂಗಲ-ಕುಣಿಗಲು ರಸ್ತೆಯಲ್ಲಿ ಒಂದು ಸ್ಥಳವನ್ನು ಸೂಚಿಸಿತು. 2025ರ ಏಪ್ರಿಲಿನಲ್ಲಿ ಪ್ರಾಧಿಕಾರದ ತಜ್ಞರು ಬಂದು ನೋಡಿದರು. ಮುಂದಾಲೋಚನೆಯನ್ನು ನಾವು ಆಕ್ಷೇಪಿಸುವುದಿಲ್ಲ. ನಿಲ್ದಾಣವೊಂದನ್ನು ಕಟ್ಟಲು ಹತ್ತು ವರ್ಷ ಹಿಡಿಯುತ್ತದೆಂಬುದೂ ನಿಜ. ನಮ್ಮ ಆಕ್ಷೇಪಣೆಯು, ಜಮೀನು ಮೊದಲು, ಲೆಕ್ಕ ಆಮೇಲೆ ಎಂಬ ಪದ್ಧತಿಗೆ.

ದೇವನಹಳ್ಳಿಗಾಗಿ ಸುಮಾರು 4,000 ಎಕರೆ ಭೂಮಿ ಹೋಯಿತು. ಅದರ ನೆರೆಯ ಚನ್ನರಾಯಪಟ್ಟಣ ಹೋಬಳಿಯಲ್ಲಿ ವಿಮಾನೋದ್ಯಮದ ಹೆಸರಿನಲ್ಲಿ 1,777 ಎಕರೆಯನ್ನು ತೆಗೆದುಕೊಳ್ಳಲು ಹೊರಟಾಗ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಆ ಪ್ರಯತ್ನವನ್ನು ಕೈಬಿಟ್ಟುದಾಗಿ ಘೋಷಿಸಿದರು. ಎರಡನೆಯ ನಿಲ್ದಾಣಕ್ಕೆ ಇನ್ನೂ ಹಲವು ಸಾವಿರ ಎಕರೆ ಬೇಕಾಗುತ್ತದೆ. ಸ್ಥಳದ ಹೆಸರು ಹೊರಬಿದ್ದ ದಿನದಿಂದಲೇ ಸುತ್ತಿನ ಜಮೀನಿನ ಮೇಲೆ ಪೇಟೆಯ ಹಣ ಸುರಿಯುತ್ತದೆ. ಉಳುವವನು ಮಾರಬೇಕೋ ಬೇಡವೋ ತಿಳಿಯದೆ ಬಾವಿಯನ್ನೂ ತೋಡಿಸದೆ ಕುಳಿತಿರುತ್ತಾನೆ.

ಆದುದರಿಂದ ಪ್ರಾಧಿಕಾರದ ತಜ್ಞರು ಕೊಡುವ ವರದಿಯನ್ನು ಕಡತದಲ್ಲಿ ಕಟ್ಟಿಡದೆ ವಿಧಾನಮಂಡಲದ ಮುಂದೆ ಇಡಬೇಕು. ದೇವನಹಳ್ಳಿಯ ಎರಡು ರನ್‌ವೇಗಳು ಯಾವ ವರ್ಷ ತುಂಬುತ್ತವೆ, ಮೆಟ್ರೋ ಬಂದ ಮೇಲೆ ರಸ್ತೆಯ ಭಾರ ಎಷ್ಟು ಇಳಿಯುತ್ತದೆ, ಹುಬ್ಬಳ್ಳಿ, ಮೈಸೂರುಗಳಿಗೆ ಎಷ್ಟು ವಿಮಾನಗಳನ್ನು ಹಂಚಬಹುದು ಎಂಬ ಮೂರು ಪ್ರಶ್ನೆಗಳಿಗೆ ಅದರಲ್ಲಿ ಅಂಕಿಗಳಿಂದಲೇ ಉತ್ತರವಿರಬೇಕು. ಕನ್ನಡದ ಪ್ರತಿಯನ್ನು ಸೂಚಿತವಾದ ಮೂರು ಸ್ಥಳಗಳ ಗ್ರಾಮಪಂಚಾಯಿತಿಗಳಿಗೂ ಕಳುಹಿಸಿ, ಗ್ರಾಮಸಭೆಗಳ ಅಭಿಪ್ರಾಯ ಬರುವವರೆಗೆ ಒಂದು ಗುಂಟೆಯ ಮೇಲೂ ನೋಟಿಸು ಹೊರಡಿಸಬಾರದೆಂದು ನಾವು ಸರಕಾರವನ್ನು ಒತ್ತಾಯಪಡಿಸುತ್ತೇವೆ.