ನರ್ಸಿಂಗ್ ವಿದ್ಯಾರ್ಥಿಗಳ ಪರವಾಗಿ ಕ್ಯಾಲಿಫೋರ್ನಿಯಾದ ಗವರ್ನರರಿಗೆ ಬಹಿರಂಗ ಪತ್ರ

ಮಾನ್ಯ ಮಹಾಶಯರೇ,

ತಮ್ಮ ರಾಜ್ಯದಲ್ಲಿ ನೆಲಸಿರುವ ಕನ್ನಡಿಗರಲ್ಲಿ ಒಬ್ಬನಾದ ನಾನು ಈ ವಿಜ್ಞಾಪನೆಯನ್ನು ತಮ್ಮ ಮುಂದಿಡುತ್ತಿರುವುದು, ಕಮ್ಯುನಿಟಿ ಕಾಲೇಜುಗಳ ನರ್ಸಿಂಗ್ ವಿಭಾಗಕ್ಕೆ ಸೇರಲು ಸರ್ವವಿಧದಲ್ಲಿಯೂ ಅರ್ಹರಾಗಿದ್ದು ಕೇವಲ ಸ್ಥಳಾಭಾವದಿಂದ ಹೊರಗುಳಿದಿರುವ ಸ್ತ್ರೀಪುರುಷರ ಪರವಾಗಿ.

ಈ ಶಿಕ್ಷಣಪದ್ಧತಿಯ ಮೂಲವು ಉದಾತ್ತವಾದುದು. ದಾದಿಯ ವೃತ್ತಿಯನ್ನು ಕಲಿಯತಕ್ಕವರು ವಿದ್ಯಾರ್ಥಿಗಳೆನ್ನಿಸಿಕೊಂಡೂ ಬಹುಮಟ್ಟಿಗೆ ಆಸ್ಪತ್ರೆಯ ಕೆಲಸಗಾರರಾಗಿಯೇ ಮೂರು ವರ್ಷ ದುಡಿಯುತ್ತಿದ್ದ ಕಾಲದಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಮಿಲ್ಡ್ರೆಡ್ ಮಾಂಟ್ಯಾಗ್ ಅವರು, ಆ ವಿದ್ಯೆಯನ್ನು ಕಾಲೇಜಿನ ಆಶ್ರಯದಲ್ಲಿ ಎರಡೇ ವರ್ಷಗಳಲ್ಲಿ ಕಲಿಸಬಹುದೆಂದು 1951ರ ತಮ್ಮ ಪ್ರಬಂಧದಲ್ಲಿ ಪ್ರತಿಪಾದಿಸಿದರು. ಮರುವರ್ಷವೇ ಕೆಲವು ಕಾಲೇಜುಗಳಲ್ಲಿ ಅದರ ಪ್ರಯೋಗವು ಆರಂಭವಾಯಿತು. ಪರಿಮಿತ ಹೊಣೆಯ ದಾದಿಯರನ್ನು ಮಾತ್ರ ಆಕೆ ಮನಸ್ಸಿನಲ್ಲಿಟ್ಟುಕೊಂಡಿದ್ದರಾದರೂ, ಇಂದು ಎರಡು ವರ್ಷದ ಅಸೋಸಿಯೇಟ್ ಪದವೀಧರರೂ ನಾಲ್ಕು ವರ್ಷದ ಬ್ಯಾಚುಲರ್ ಪದವೀಧರರೂ ಎನ್‌ಸಿಎಲ್‌ಇಎಕ್ಸ್-ಆರ್‌ಎನ್ ಎಂಬ ಒಂದೇ ಪರೀಕ್ಷೆಯನ್ನು ಎದುರಿಸಿ, ರಿಜಿಸ್ಟರ್ಡ್ ನರ್ಸ್ ಎಂಬ ಒಂದೇ ಪರವಾನಗಿಯನ್ನು ಪಡೆಯುತ್ತಾರೆ.

ಈ ಹಾದಿಯನ್ನು ಹಿಡಿಯುವವರು ಯಾರು? ರಾಜ್ಯದ ನಿವಾಸಿಗಳಿಗೆ ಯೂನಿಟ್ಟಿಗೆ 46 ಡಾಲರ್ ಶುಲ್ಕವಿರುವ ಕಾಲೇಜನ್ನಲ್ಲದೆ ಬೇರೊಂದನ್ನು ನೆನೆಯಲಾರದ ತಾಯಂದಿರು; ರಾತ್ರಿಪಾಳಿಯಲ್ಲಿ ವೃದ್ಧರ ಆರೈಕೆಗೆ ನಿಂತು ಹಗಲು ತರಗತಿಗೆ ಬರುವ ಸಹಾಯಕರು; ಪತಿಯ ಉದ್ಯೋಗದ ನಿಮಿತ್ತ ಬೆಂಗಳೂರು ಮೈಸೂರುಗಳಿಂದ ಬಂದು ನಡುವಯಸ್ಸಿನಲ್ಲಿ ಹೊಸ ವೃತ್ತಿಗೆ ಮನಸ್ಸುಮಾಡಿದ ನಮ್ಮ ಹೆಣ್ಣುಮಕ್ಕಳು. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರಗಳಲ್ಲಿ ಉತ್ತೀರ್ಣರಾಗಿ ಅರ್ಜಿ ಹಾಕಿದ ಮೇಲೆ, ಕೆಲವು ಕಾಲೇಜುಗಳಲ್ಲಿ ಚೀಟಿ ಎತ್ತುವ ಕ್ರಮವು ಇವರ ಭವಿಷ್ಯವನ್ನು ನಿರ್ಣಯಿಸುತ್ತದೆ. ದುಡಿದು ಗಳಿಸಿದ ಯೋಗ್ಯತೆಯನ್ನು ಅದೃಷ್ಟದ ಕೈಗೆ ಒಪ್ಪಿಸುವುದು ನನಗೆ ನ್ಯಾಯವಾಗಿ ತೋರುವುದಿಲ್ಲ.

ಸ್ಥಳವಿಲ್ಲವೆಂದರೆ ಕೊಠಡಿ ಬೆಂಚುಗಳಿಲ್ಲವೆಂದಲ್ಲ. ಔಷಧದ ಪ್ರಮಾಣವನ್ನು ಲೆಕ್ಕಹಾಕಿ, ರೋಗಿಯ ಹೆಸರನ್ನು ಕೈಪಟ್ಟಿಯೊಡನೆ ತಾಳೆನೋಡಿ, ಮೊದಲ ಸೂಜಿಯನ್ನು ಚುಚ್ಚುವ ವಿದ್ಯಾರ್ಥಿಯ ಪಕ್ಕದಲ್ಲಿ ನುರಿತವರೊಬ್ಬರು ನಿಂತಿರಲೇಬೇಕು. ಬೊಂಬೆಯ ಮೇಲೆ ಎಷ್ಟು ಅಭ್ಯಾಸಮಾಡಿದರೂ, ನೋವಿನಿಂದ ಕೈ ಹಿಂತೆಗೆಯುವ ಮನುಷ್ಯನ ಮುಂದೆ ಕಲಿಯತಕ್ಕದ್ದು ಬೇರೆಯೇ ಉಂಟು. ಅಂಥ ನುರಿತವರು ಬೋಧನೆಗೆ ಬಾರದಿರುವುದಕ್ಕೆ ಮುಖ್ಯ ಕಾರಣ, ವಾರ್ಡಿನ ಸಂಬಳಕ್ಕಿಂತ ಕಾಲೇಜಿನ ಸಂಬಳವು ಕಡಮೆಯಾಗಿರುವುದು. ರೋಗಿಯ ಹಾಸಿಗೆಯ ಬಳಿ ವಿದ್ಯಾರ್ಥಿಗೆ ಎಡೆ ಕೊಡುವುದಾದರೋ ಆಸ್ಪತ್ರೆಗಳ ಕೈಯಲ್ಲಿದೆ. ಅದಕ್ಕಾಗಿ ಕಾಲೇಜುಗಳು ತಮ್ಮತಮ್ಮೊಳಗೆ ಪೈಪೋಟಿ ನಡೆಸಬೇಕಾಗಿದೆ.

ಒಬ್ಬ ನರ್ಸಿಗೆ ಇಷ್ಟೇ ರೋಗಿಗಳೆಂದು 1999ರಲ್ಲಿ ಶಾಸನಮಾಡಿ 2004ರಿಂದ ಅದನ್ನು ಆಚರಣೆಗೆ ತಂದ ರಾಜ್ಯ ತಮ್ಮದು. ತೀವ್ರನಿಗಾ ಘಟಕದಲ್ಲಿ ಒಬ್ಬರಿಗೆ 2 ರೋಗಿಗಳಿಗಿಂತ ಹೆಚ್ಚು ವಹಿಸಕೂಡದೆಂಬ ಆ ನಿಯಮವನ್ನು ನಾನು ಗೌರವದಿಂದ ಸ್ಮರಿಸುತ್ತೇನೆ; ಅದಕ್ಕೆ ಬೇಕಾದ ನರ್ಸುಗಳನ್ನು ಸಿದ್ಧಗೊಳಿಸುವ ಹೊಣೆಯೂ ಅದರೊಡನೆಯೇ ರಾಜ್ಯದ ಮೇಲೆ ಬಂದಿತೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ 10 ಕಮ್ಯುನಿಟಿ ಕಾಲೇಜು ಜಿಲ್ಲೆಗಳವರೆಗೆ ನರ್ಸಿಂಗಿನ ಬ್ಯಾಚುಲರ್ ಪದವಿ ಕೊಡಲು ಅವಕಾಶವೀಯುತ್ತಿದ್ದ ಸೆನೆಟ್ ಮಸೂದೆ 895, 2024ರಲ್ಲಿ ಗವರ್ನರರ ಅಂಕಿತ ದೊರೆಯದೆ ಹಿಂದಿರುಗಿತು. ಬ್ಯಾಚುಲರ್ ಪದವೀಧರರಿಗೇ ಅನೇಕ ಆಸ್ಪತ್ರೆಗಳು ಆದ್ಯತೆ ಕೊಡುತ್ತಿರುವಾಗ, ಬಡವರ ಕಾಲೇಜು ಎರಡನೆಯ ವರ್ಷಕ್ಕೇ ನಿಂತುಬಿಡಬೇಕೆಂಬ ಆ ನಿರ್ಣಯವು ನನ್ನನ್ನು ನೋಯಿಸಿತು.

ಆದುದರಿಂದ, ಮುಂದಿನ ಆಯವ್ಯಯದಲ್ಲಿ ನರ್ಸಿಂಗ್ ಬೋಧಕರ ಸಂಬಳವನ್ನು ಆಸ್ಪತ್ರೆಯ ಸಂಬಳಕ್ಕೆ ಸರಿದೂಗಿಸತಕ್ಕ ಪ್ರತ್ಯೇಕ ನಿಧಿಯೊಂದನ್ನು ತಾವು ಇಡಿಸಬೇಕೆಂದೂ, ಸರ್ಕಾರದ ಹಣವನ್ನು ಪಡೆಯುವ ಆಸ್ಪತ್ರೆಗಳು ನೆರೆಯ ಕಮ್ಯುನಿಟಿ ಕಾಲೇಜಿನ ವಿದ್ಯಾರ್ಥಿಗಳಿಗೆ ವಾರ್ಡಿನಲ್ಲಿ ಸ್ಥಾನ ಮೀಸಲಿಡುವಂತೆ ವಿಧಿಸಬೇಕೆಂದೂ, ಬ್ಯಾಚುಲರ್ ಪದವಿಗೆ ಅವಕಾಶವೀಯುವ ಅಂಥ ಮಸೂದೆಯು ಮತ್ತೆ ಮುಂದೆ ಬಂದಲ್ಲಿ ಅದಕ್ಕೆ ಅಂಕಿತ ಹಾಕಬೇಕೆಂದೂ ಬೇಡಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕ್ಯಾಲಿಫೋರ್ನಿಯಾ ನಿವಾಸಿಯಾದ ಕನ್ನಡಿಗ