ಬೀಗ ನಮ್ಮದು, ಕೀಲಿಕೈ ಕೇಳುವವರು ಯಾರು?

ಗಿರಣಿಯ 200 ಜನಕ್ಕೆ ಒಂದು ಸುದ್ದಿ ಮುಟ್ಟಬೇಕು. ನಡುವೆ ಯಾರೂ ಓದಬಾರದು. 200 ಪ್ರತಿ ಮಾಡಿ 200 ಬೀಗ ಜಡಿಯುವುದು ದುಬಾರಿಯ ಕೆಲಸ. ಆದ್ದರಿಂದ ವಾಟ್ಸಾಪ್, ಸಿಗ್ನಲ್ ಗುಂಪುಗಳಲ್ಲಿ ಸುದ್ದಿಗೆ ಒಂದೇ ಬೀಗ. ಅದರ ಕೀಲಿಕೈಯನ್ನು ಮಾತ್ರ ಮೊದಲೇ ಒಬ್ಬೊಬ್ಬರಿಗೂ ಗುಟ್ಟಾಗಿ ಕಳಿಸಿರುತ್ತದೆ. ಒಬ್ಬನು ಗುಂಪು ಬಿಟ್ಟನೋ, ತೊಡಕು ಶುರು. ಮಾತಾಡುವ ಪ್ರತಿಯೊಬ್ಬನೂ ಹೊಸ ಕೀಲಿ ಮಾಡಿ ಉಳಿದವರಿಗೆಲ್ಲ ಹಂಚಬೇಕು. ಎಲ್ಲರೂ ಮಾತಾಡುವವರಾದರೆ 40,000ದ ಹತ್ತಿರ ಹಂಚಿಕೆ! ಇದಕ್ಕೂ ದಾರಿ ಕಂಡಿದ್ದಾರೆ. 2023ರ ಜುಲೈಯಲ್ಲಿ ಅಂತರಜಾಲದ ಎಂಜಿನಿಯರುಗಳ ಮಂಡಲಿ ಪ್ರಕಟಿಸಿದ ಎಂ.ಎಲ್.ಎಸ್. ಕ್ರಮದಲ್ಲಿ ಕೀಲಿಗಳು ಮರದ ಕವಲುಗಳಂತಿರುತ್ತವೆ. 1,000 ಜನರ ಗುಂಪಿಗೂ, ಎಲ್ಲ ನೆಟ್ಟಗಿದ್ದರೆ, ಸುಮಾರು 10 ಸಲ ಬೀಗ ಹಾಕಿದರೆ ಕೀಲಿ ಬದಲಾಯಿತು.

ವಿದ್ಯೆ ಹೀಗೆ ಬೆಳೆದಿದೆ. ನಮ್ಮನ್ನಾಳುವವರ ಬುದ್ಧಿ ಮಾತ್ರ ಕದ ಸಂದಿಯಲ್ಲಿ ಇಣುಕುತ್ತಿದೆ. 2021ರ ಐ.ಟಿ. ನಿಯಮಗಳ 4ನೆಯ ನಿಯಮದಂತೆ, 50 ಲಕ್ಷಕ್ಕೂ ಮಿಕ್ಕ ಬಳಕೆದಾರರುಳ್ಳ ಸಂದೇಶ ಕಂಪನಿಯು, ಆಜ್ಞೆಯಾದಾಗ, ಸುದ್ದಿಯನ್ನು ಮೊದಲು ಹೊರಡಿಸಿದವನು ಯಾರೆಂದು ತೋರಿಸಿಕೊಡಬೇಕಂತೆ. ಘೋರ ಅಪರಾಧಗಳಿಗೆ ಮಾತ್ರ ಎಂದು ಸಮಾಧಾನ ಹೇಳುತ್ತಾರೆ. ಆ ಪಟ್ಟಿಯಲ್ಲಿ 'ಸಾರ್ವಜನಿಕ ಸುವ್ಯವಸ್ಥೆ'ಯೂ ಸೇರಿದೆ, ಸ್ವಾಮಿ! ಗೇಟಿನ ಮುಂದೆ ನಾಲ್ಕು ಜನ ನಿಂತರೆ ಸುವ್ಯವಸ್ಥೆ ಕೆಟ್ಟಿತೆಂದು ಬರೆದುಕೊಳ್ಳುವವರನ್ನು ನಾವು ಕಾಣದವರೇ? ಬೋನಸ್ಸಿನ ಮಾತು ಮೊದಲು ಎತ್ತಿದವನ ಹೆಸರು ಸಿಕ್ಕರೆ ಸಾಕು, ಸುದ್ದಿಯನ್ನು ಓದುವ ಅಗತ್ಯ ಮಾಲೀಕನಿಗೂ ಇಲ್ಲ.

ಇನ್ನೊಂದು ಮಾತು. ನಾಳೆ ಯಾರ ಸುದ್ದಿಯನ್ನು ಕೇಳುತ್ತಾರೋ ಇಂದು ಗೊತ್ತಿಲ್ಲ. ಆದ್ದರಿಂದ ಇಂದೇ ಎಲ್ಲರ ಸುದ್ದಿಗೂ ಗುರುತು ಒತ್ತಿಡಬೇಕು. ಒಬ್ಬ ಕಳ್ಳನಿಗಾಗಿ ಊರಿಗೆ ಊರೇ ಹೆಬ್ಬೆಟ್ಟು! ಅಂಗಡಿಕಾರ ಮಿತ್ರರೇ, ನಿಮ್ಮ ಖರೀದಿಯ ದರ, ಉದ್ರಿ ಲೆಕ್ಕ ಹೋಗುವುದೂ ಇದೇ ದಾರಿಯಲ್ಲಿ.

ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರು ಒಕ್ಕೊರಲಿನಿಂದ ಖಾಸಗಿತನ ಮೂಲಭೂತ ಹಕ್ಕೆಂದರು. ನಾಲ್ಕು ವರ್ಷ ತುಂಬುವ ಮೊದಲೇ ಈ ನಿಯಮ ಬಂತು.

ವಾಟ್ಸಾಪ್ ಕಂಪನಿ 2021ರಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. ಬೀಗ ಒಡೆಯಿರೆಂದರೆ ದೇಶ ಬಿಡುತ್ತೇವೆಂದು 2024ರ ಏಪ್ರಿಲ್‌ನಲ್ಲಿ ಹೇಳಿತು. ಹಾಗೆಂದು ಆ ಬಂಡವಾಳಗಾರರಿಗೆ ನಾವು ಹಾರ ಹಾಕಲಾರೆವು. ಕಾಗದಕ್ಕೆ ಬೀಗವಿದ್ದರೂ ಲಕೋಟೆಯ ಮೇಲಿನ ವಿಳಾಸ ಅವರ ಕೈಯಲ್ಲೇ ಇದೆ. ಯಾರು ಯಾರಿಗೆ ಯಾವಾಗ ಬರೆದರೆಂಬುದು ಅವರಿಗೆ ಕಾಣುತ್ತದೆ. (ಗುಂಪಿನೊಳಗೇ ಜಾಬರನ ಭಾವಮೈದುನ ಕುಳಿತಿದ್ದರೆ ಯಾವ ಬೀಗವೂ ಕಾಯದು, ಅದು ಬೇರೆ ಮಾತು.)

ಆ ನಿಯಮ ರದ್ದಾಗಬೇಕು. ನಮ್ಮ ಓಟು ಪಡೆದು ದಿಲ್ಲಿಗೆ ಹೋದವರು ಲೋಕಸಭೆಯಲ್ಲಿ ಇದನ್ನು ಎಂದು ಎತ್ತುತ್ತಾರೆ?